ಅತ್ತಿಗುಂಡಿಯಲ್ಲಿ ಉಳಿದು ಮುಳ್ಳಯ್ಯನಗಿರಿಯ ಸೂರ್ಯೋದಯ ನೋಡುವುದು ಹೇಗೆ

ನನ್ನ ತವರು ಸಖರಾಯಪಟ್ಟಣದ ಕಡೆ. ಬಯಲುಸೀಮೆ. ಚಿಕ್ಕವಳಿದ್ದಾಗ ಸೂರ್ಯ ದಿನಾ ಚಿಕ್ಕಮಗಳೂರಿನ ಈ ಬೆಟ್ಟಗಳ ಹಿಂದೆ ಮುಳುಗುವುದನ್ನು ನೋಡುತ್ತಿದ್ದೆ. ಅತ್ತಿಗುಂಡಿಗೆ ಸೊಸೆಯಾಗಿ ಬಂದ ಮೇಲೆ ಅದೇ ಬೆಟ್ಟ ಹತ್ತಿ, ಅವನು ನಮ್ಮೂರ ಕಡೆಯಿಂದ ಹುಟ್ಟಿ ಬರುವುದನ್ನು ನೋಡಿದೆ. 19 ವರ್ಷ ಆಯಿತು. ಮನೆಗೆ ಬರುವ ನೆಂಟರಿಗೆ ನಾನು ಹೇಳುವುದೆಲ್ಲ ಇದು.

ಮೊದಲು ತಿಂಗಳು ನೋಡಿಕೊಳ್ಳಿ. ಮಳೆಗಾಲದಲ್ಲಿ ಸೂರ್ಯೋದಯಕ್ಕೆ ಅಂತ ಬರಬೇಡಿ. ಕೈಯಳತೆಯ ದಾರಿಯೂ ಕಾಣುವುದಿಲ್ಲ, ಕಾಲಿಗೆ ಇಂಬಳ ಬೇರೆ. ನವೆಂಬರ್‌ನಿಂದ ಜನವರಿ ಒಳ್ಳೆಯ ಕಾಲ. ಮೋಡವಿಲ್ಲದ ರಾತ್ರಿಯಲ್ಲಿ ತಣ್ಣನೆ ಗಾಳಿ ಭಾರವಾಗಿ ಕಣಿವೆಗೆ ಇಳಿಯುತ್ತದೆ. ಮಂಜು ಅಲ್ಲೇ ಕಟ್ಟಿಕೊಳ್ಳುತ್ತದೆ, ತುದಿ ತಿಳಿಯಾಗಿರುತ್ತದೆ. ಹಿಂದಿನ ರಾತ್ರಿ ಅಂಗಳಕ್ಕೆ ಬಂದು ತಲೆ ಎತ್ತಿ ನೋಡಿ. ನಕ್ಷತ್ರ ನಿಚ್ಚಳವಾಗಿ ಕಂಡರೆ ಅಲಾರಂ ಇಡಿ.

ಪೇಟೆಯಲ್ಲಿ ಉಳಿದು ಬೆಳಗಿನ ಜಾವ ಓಡಿ ಬರುವುದು ಬೇಡ. ಅತ್ತಿಗುಂಡಿಯಲ್ಲಿ ಹೋಂಸ್ಟೇಗಳಿವೆ. ಹಿಂದಿನ ದಿನ ಬೆಳಕಿರುವಾಗಲೇ ಬಂದು ಸೇರಿ. ಗಿರಿಗೆ ವಾಹನ ತರಲು ಈಗ ಆನ್‌ಲೈನ್‌ನಲ್ಲಿ ಮೊದಲೇ ನೋಂದಾಯಿಸಬೇಕು, ವಾಹನಗಳ ಸಂಖ್ಯೆಗೂ ಮಿತಿ ಇದೆ. ಬೆಳಿಗ್ಗೆ ಎಷ್ಟು ಹೊತ್ತಿಗೆ ಮೇಲೆ ಬಿಡುತ್ತಾರೆ ಅಂತ ಉಳಿಯುವ ಮನೆಯವರನ್ನೇ ಕೇಳಿ. ಜನವರಿ ಕೊನೆಯಲ್ಲಿ ಸೂರ್ಯ ಹುಟ್ಟುವುದು 6.50 ದಾಟಿದ ಮೇಲೆ. ನವೆಂಬರ್ ಶುರುವಿನಲ್ಲಿ ಅದಕ್ಕಿಂತ ಅರ್ಧ ಗಂಟೆ ಮೊದಲು. ಹಾಗಾಗಿ ತಡವಾಗಿ ಏಳುವವರಿಗೆ ಜನವರಿಯೇ ಅನುಕೂಲ.

ಸೀತಾಳಯ್ಯನಗಿರಿ ದಾಟಿದ ಮೇಲೆ ರಸ್ತೆ ತುಂಬಾ ಕಿರಿದು. ಮಂಜಿದ್ದರೆ ಲೈಟು ಡಿಪ್‌ನಲ್ಲೇ ಇರಲಿ. ಹೈಬೀಮ್ ಹಾಕಿದರೆ ಎದುರಿಗೆ ಬರೀ ಬಿಳಿ ಗೋಡೆ. ಹತ್ತಿ ಬರುವ ಗಾಡಿಗೆ ಮೊದಲು ದಾರಿ ಬಿಡಿ. ಆಮೇಲೆ 400ಕ್ಕೂ ಹೆಚ್ಚು ಮೆಟ್ಟಿಲು. ವಯಸ್ಸಾದವರು ನಿಧಾನಕ್ಕೆ ಹತ್ತಲಿ. ಮೇಲೆ ಕಾಡುವುದು ಚಳಿಗಿಂತ ಜಾಸ್ತಿ ಗಾಳಿ. ಸ್ವೆಟರ್ ಒಂದೇ ಸಾಲದು, ಗಾಳಿ ತಡೆಯುವ ಜಾಕೆಟ್ಟು ಬೇಕು, ಕಿವಿಗೆ ಮಫ್ಲರ್ ಬೇಕು. ಫ್ಲಾಸ್ಕಿನಲ್ಲಿ ಕಾಫಿ ತನ್ನಿ.

1930 ಮೀಟರ್, ನಮ್ಮ ರಾಜ್ಯದಲ್ಲೇ ಎತ್ತರದ ಜಾಗ. ಮುಳ್ಳಪ್ಪಸ್ವಾಮಿಯ ಗುಡಿ ಇದೆ. ಗುಡಿಗೆ ಕೈಮುಗಿದು, ಪೂರ್ವಕ್ಕೆ ಮುಖ ಮಾಡಿ ಒಂದು ಕಡೆ ಕೂತುಬಿಡಿ. ಸೂರ್ಯ ಹುಟ್ಟುವ ಅರ್ಧ ಗಂಟೆ ಮೊದಲೇ ಅಲ್ಲಿರಬೇಕು. ಆಕಾಶ ಬಣ್ಣ ಬದಲಿಸುವುದು ಆಗಲೇ. ದಯವಿಟ್ಟು ಮೊಬೈಲಿನಲ್ಲಿ ಹಾಡು ಹಾಕಬೇಡಿ.

ಸೂರ್ಯ ಪೂರ್ತಿ ಮೇಲೆ ಬಂದ ಕೂಡಲೇ ಎದ್ದು ಹಿಂದೆ ತಿರುಗಿ. ಇದನ್ನು ನನಗೆ ತೋರಿಸಿಕೊಟ್ಟವರು ನಮ್ಮ ಮಾವ. ಎಲ್ಲರೂ ಪೂರ್ವಕ್ಕೆ ಕ್ಯಾಮೆರಾ ಹಿಡಿದು ನಿಂತಿರುವಾಗ, ಪಶ್ಚಿಮದ ಕಣಿವೆಯ ಮೇಲೆ ಗಿರಿಯ ನೆರಳು ಬಿದ್ದಿರುತ್ತದೆ. ಉದ್ದಕ್ಕೆ, ಮೂರು ಮೂಲೆಯಾಗಿ, ಮಂಜಿನ ಮೇಲೆ ಮಲಗಿದ ಹಾಗೆ. ನೋಡುತ್ತಿದ್ದಂತೆ ಅದು ನಮ್ಮ ಕಡೆಗೆ ಕುಗ್ಗುತ್ತಾ ಬರುತ್ತದೆ. ಪಕ್ಕದವರಿಗೂ ತೋರಿಸಿ.

ತಕ್ಷಣ ಇಳಿಯಬೇಡಿ. ಇನ್ನೊಂದು ಅರ್ಧ ಗಂಟೆ ಕಾಯಿರಿ. ನನ್ನ ತಮ್ಮ ಮೊದಲ ಸಲ ಬಂದಾಗ ಹತ್ತು ಫೋಟೋ ತೆಗೆದು, ‘ಹೋಗೋಣ ಅಕ್ಕ, ರೊಟ್ಟಿ ಆರಿಹೋಗುತ್ತೆ’ ಅಂದ. ಹಿಡಿದು ಕೂರಿಸಿದೆ. ಕೆಳಗಿನ ಮಂಜು ನಿಧಾನಕ್ಕೆ ಸರಿಯಿತು. ದೂರದಲ್ಲಿ ಒಗೆದು ಹರವಿದ ಪಂಚೆಯ ಹಾಗೆ ಬೆಳ್ಳಗೆ ನೀರು ಕಂಡಿತು.

‘ಅದು ನಮ್ಮೂರ ಅಯ್ಯನಕೆರೆ ಅಲ್ವಾ?’ ಅಂದ. ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ.

ಆ ಕೆರೆಗೆ ನೀರು ಬರುವುದು ಈ ಗಿರಿಸಾಲಿನಿಂದಲೇ. ಇಲ್ಲಿನ ಹುಲ್ಲು, ಕಣಿವೆಯಲ್ಲಿ ದಟ್ಟವಾಗಿ ಬೆಳೆದ ಶೋಲಾ ಕಾಡು ಮಳೆನೀರನ್ನು ಹಿಡಿದಿಟ್ಟು ಹಳ್ಳಗಳಿಗೆ ಸ್ವಲ್ಪ ಸ್ವಲ್ಪವೇ ಬಿಡುತ್ತವೆ. ಅದೇ ಹುಲ್ಲಿಗೆ ಫೆಬ್ರವರಿ ಆದಮೇಲೆ ಒಂದು ಬೀಡಿ ಕಿಡಿ ಸಾಕು, ಗುಡ್ಡಕ್ಕೆ ಗುಡ್ಡವೇ ಉರಿಯುತ್ತದೆ. ನಮ್ಮ ತಮ್ಮನ ಅಡಿಕೆ ತೋಟ ಅದೇ ಕೆರೆಯ ಅಚ್ಚುಕಟ್ಟಿನಲ್ಲಿದೆ. ಅವತ್ತು ಇಳಿಯುವಾಗ ಮೆಟ್ಟಿಲ ಬದಿಯ ಬಾಟಲಿ, ಚಿಪ್ಸ್ ಕವರುಗಳನ್ನೆಲ್ಲ ಅವನೇ ಆಯ್ದುಕೊಂಡು ಬಂದ. ತುಂಬಿಸಲು ಏನೂ ಇರಲಿಲ್ಲ, ನನ್ನ ಶಾಲಿನಲ್ಲೇ ಗಂಟು ಕಟ್ಟಿದೆವು. ನೀವು ಬರುವಾಗ ಒಂದು ಖಾಲಿ ಚೀಲ ತನ್ನಿ.