ಸ್ಟೀನಿಯ ಕಾಗದಗಳನ್ನು ಕನ್ನಡಕ್ಕೆ ತಂದದ್ದು

ಇಂಗ್ಲೆಂಡಿನ ದೊರೆ ಒಂದನೇ ಜೇಮ್ಸ್ ಮತ್ತು ಅವನ ಮೆಚ್ಚಿನ ಜಾರ್ಜ್ ವಿಲಿಯರ್ಸ್ ಬರೆದುಕೊಂಡ ಕೆಲವು ಕಾಗದಗಳನ್ನು ಕನ್ನಡಕ್ಕೆ ತರಲು ಕೂತೆ. ಮೊದಲ ಸಾಲಿಗೇ ಕೈ ನಿಂತಿತು. ನೀನೋ, ನೀವೋ, ತಾವೋ? ಇಂಗ್ಲಿಷಿನ 'ಯೂ' ಎಲ್ಲಕ್ಕೂ ಒದಗುತ್ತದೆ. ಕನ್ನಡದಲ್ಲಿ ಬಾಯಿ ತೆರೆದರೆ ಸಂಬಂಧ ಬಯಲಾಗುತ್ತದೆ.

ಮೊದಲ ಕರಡಿನ ತುಂಬ 'ಮಹಾಪ್ರಭು', 'ಅಪ್ಪಣೆಯಾಗಲಿ'. ಓದಿದ ಅಕ್ಕ, "ಇದ್ರಲ್ಲಿ ಪ್ರೀತಿ ಎಲ್ಲಿದೆ ಕಣೋ? ಬರೀ ನಡು ಬಗ್ಗಿಸೋದೇ ಇದೆ" ಅಂದಳು. ಅಷ್ಟನ್ನೂ ಹೊಡೆದುಹಾಕಿದೆ. ದೊರೆಯ ಬಾಯಲ್ಲಿ 'ನೀನು', ವಿಲಿಯರ್ಸ್ ಬಾಯಲ್ಲಿ 'ನೀವು' ಎಂದು ಗೊತ್ತುಮಾಡಿಕೊಂಡ ಮೇಲೆ ಕಾಗದ ಉಸಿರಾಡತೊಡಗಿತು.

ವಿಲಿಯರ್ಸ್ ಲೆಸ್ಟರ್‌ಶೈರಿನ ಸಾಧಾರಣ ಜಮೀನ್ದಾರಿ ಮನೆಯ ಹುಡುಗ, ಹಿರಿಮಗನೂ ಅಲ್ಲ. 1614ರ ಬೇಸಿಗೆಯಲ್ಲಿ ಏಪ್‌ಥಾರ್ಪಿನಲ್ಲಿ ದೊರೆಯ ಕಣ್ಣಿಗೆ ಬಿದ್ದ. ಮೊದಲು ಸಿಕ್ಕಿದ್ದು ದೊರೆಗೆ ಪಾನಪಾತ್ರೆ ನೀಡುವ ಕೆಲಸ, ಮರುವರ್ಷ ಮಲಗುವ ಕೋಣೆಯ ಸೇವೆ. ಇವನ್ನು ಹಾಗೇ ಅನುವಾದಿಸಿದರೆ ನಮ್ಮ ಓದುಗರಿಗೆ ಯಾರೋ ಆಳಿನ ಕೆಲಸದಂತೆ ಕಾಣುತ್ತದೆ. ಟಿಪ್ಪಣಿಯಲ್ಲಿ ನಮ್ಮ ಹಡಪದವರನ್ನು ನೆನೆದೆ. ಬಸವಣ್ಣನ ಪಕ್ಕದಲ್ಲಿ ಅಪ್ಪಣ್ಣ ಹಿಡಿದಿದ್ದು ಎಲೆಅಡಿಕೆಯ ಚೀಲವೇ. ಒಡೆಯನ ಮೈಗೆ ಹತ್ತಿರ ನಿಲ್ಲುವವನ ತೂಕ ಏನೆಂದು ಕನ್ನಡಕ್ಕೆ ಬೇರೆಯಾಗಿ ಹೇಳಬೇಕಿಲ್ಲ. ಯಾರ ಅರ್ಜಿ ದೊರೆಯ ಕಿವಿಗೆ ಮುಟ್ಟಬೇಕು ಅನ್ನುವುದು ಆ ಕೋಣೆಯ ಬಾಗಿಲಲ್ಲಿ ತೀರ್ಮಾನವಾಗುತ್ತಿತ್ತು. 1623ಕ್ಕೆ ಅವನು ಬಕಿಂಗ್‌ಹ್ಯಾಮಿನ ಡ್ಯೂಕ್.

'ಸ್ಟೀನಿ' ದೊರೆ ವಿಲಿಯರ್ಸ್‌ಗೆ ಇಟ್ಟ ಮುದ್ದಿನ ಹೆಸರು. ಬೈಬಲಿನ ಸ್ತೆಫನನ ಮುಖ ದೇವದೂತನ ಮುಖದ ಹಾಗೆ ಕಂಡಿತಂತೆ, ವಿಲಿಯರ್ಸ್‌ನ ಚೆಲುವಿಗೆ ಆ ಹೋಲಿಕೆಯಿಂದ ಬಂದದ್ದು. ಅದನ್ನು ಮುಟ್ಟದೆ ಉಳಿಸಿಕೊಂಡೆ.

ಬಹಳ ದಿನ ಕಾಡಿದ್ದು ವಿಲಿಯರ್ಸ್ ದೊರೆಯನ್ನು ಕರೆಯುವ 'ಡಿಯರ್ ಡ್ಯಾಡ್ ಅಂಡ್ ಗಾಸಿಪ್' ಎಂಬ ಸಂಬೋಧನೆ. 'ಅಪ್ಪ' ಸಲೀಸಾಗಿ ಬಂತು. 'ಗಾಸಿಪ್' ಆ ಕಾಲದಲ್ಲಿ ಹರಟೆಯಲ್ಲ. ಮಗುವಿನ ದೀಕ್ಷಾಸ್ನಾನದಿಂದ ಹೆತ್ತವರಿಗೂ ಆಗ ಮಗುವಿನ ಹೊಣೆ ಹೊರುವ ಜ್ಞಾನಪಿತರಿಗೂ ಕೂಡಿಬರುವ ನಂಟು, ಮುಂದೆ ಆಪ್ತಗೆಳೆಯ ಎಂದೂ ಆಯಿತು. ಮಕ್ಕಳ ಮೂಲಕ ಹಿರಿಯರು ನೆಂಟರಾಗುವುದಕ್ಕೆ ನಮ್ಮಲ್ಲಿ 'ಬೀಗ' ಇದೆ. ಒಂದು ವಾರ ಅದನ್ನೇ ಇಟ್ಟುಕೊಂಡು ನೋಡಿದೆ. ಆದರೆ ಕೂಡಲೇ ಮದುವೆ ಚಪ್ಪರ ಕಣ್ಣಿಗೆ ಬರುತ್ತದೆ. ಕಡೆಗೆ 'ಅಪ್ಪ, ನನ್ನ ನಂಟ' ಎಂದೆ. ಪೂರ್ತಿ ತೃಪ್ತಿಯಿಲ್ಲ.

ಇನ್ನೊಂದು ಕಾಗದದಲ್ಲಿ ದೊರೆ ಅವನನ್ನು ಒಂದೇ ಉಸಿರಿಗೆ ಮುದ್ದು ಮಗು, ಮಡದಿ ಎನ್ನುತ್ತಾನೆ, ತನ್ನನ್ನು ಅಪ್ಪ, ಗಂಡ ಎಂದುಕೊಳ್ಳುತ್ತಾನೆ. ಇದನ್ನು ಮೃದು ಮಾಡಿ ಎಂದು ಕೆಲವರು ಸಲಹೆ ಕೊಟ್ಟರು. ನಾನು ಒಪ್ಪಲಿಲ್ಲ. ಜನ ವಿಲಿಯರ್ಸ್‌ನನ್ನು ಎಷ್ಟು ದ್ವೇಷಿಸಿದರೆಂದರೆ, 1628ರಲ್ಲಿ ಪೋರ್ಟ್ಸ್‌ಮತ್‌ನಲ್ಲಿ ಜಾನ್ ಫೆಲ್ಟನ್ ಅವನನ್ನು ಚೂರಿಯಿಂದ ಇರಿದು ಕೊಂದಾಗ ಕೊಲೆಗಾರನ ಹೆಸರಿನಲ್ಲಿ ಮದ್ಯದ ಬಟ್ಟಲೆತ್ತಿದರು. ಆ ದ್ವೇಷವಾಗಲಿ ನಮ್ಮ ಸಂಕೋಚವಾಗಲಿ ಅನುವಾದದೊಳಗೆ ನುಸುಳಬಾರದು, ಅಷ್ಟೇ ನನ್ನ ಹಟ.

ಉಳಿದದ್ದು ರುಜು. 'ಸ್ಲೇವ್ ಅಂಡ್ ಡಾಗ್'. 'ದಾಸ' ಬರೆದರೆ ತಂಬೂರಿ ಕೇಳಿಸುತ್ತದೆ. 'ಗುಲಾಮ'ದಲ್ಲಿ ನವಾಬರ ವಾಸನೆ. ಕಡೆಗೆ ಬರೆದೆ: 'ನಿಮ್ಮ ಬಡ ಆಳು, ನಿಮ್ಮ ನಾಯಿ, ಸ್ಟೀನಿ'. ಹೀಗೆ ರುಜು ಹಾಕುತ್ತಿದ್ದ ಹೊತ್ತಿಗೆ ಇಂಗ್ಲೆಂಡಿನ ಇಡೀ ನೌಕಾಪಡೆ ಅವನ ಕೈಕೆಳಗಿತ್ತು.