ಗಿಡ್ಡ ಸ್ಪ್ಯಾನರ್ ಬಂದ ಮೇಲೆ ಹೋಸ್ ಮುರಿದಿಲ್ಲ

ಮುರುಡೇಶ್ವರದಿಂದ ನೇತ್ರಾಣಿಗೆ ಡೈವ್‌ಗೆ ಹೋಗುವವರ ರೆಗ್ಯುಲೇಟರ್ (ಸಿಲಿಂಡರ್ ಗಾಳಿಯ ಒತ್ತಡ ಇಳಿಸಿ ಉಸಿರಾಡಲು ಕೊಡುವ ಸಾಧನ) ನೋಡಿಕೊಳ್ಳುವುದು ನನ್ನ ಕೆಲಸ. ಹೆಚ್ಚುಕಡಿಮೆ 22 ಸೆಟ್ ಇವೆ, ಒಂದೊಂದಕ್ಕೆ ನಾಲ್ಕು ಹೋಸ್. ಮಳೆಗಾಲಕ್ಕೆ ಎಲ್ಲ ಬಿಚ್ಚಿ ತೊಳೆದಿಡುತ್ತೇನೆ. ಅಕ್ಟೋಬರ್ ಹತ್ತಿರ ಬಂದಾಗ ಮತ್ತೆ ಜೋಡಿಸುತ್ತೇನೆ. ಹೋಸ್ ಬಿಗಿ ಮಾಡುವುದರಲ್ಲಿ ಏನಿದೆ ಅಂತ ಕೇಳಬಹುದು. ನನ್ನ ಮೂರು ಸೀಸನ್‌ನ ದುಡ್ಡು ಹೋದದ್ದು ಅದರಲ್ಲೇ.

ನಾನು ಕಲಿತ ಪದ್ಧತಿ ಇಷ್ಟೇ: ಸ್ಪ್ಯಾನರ್ ಹಾಕು, ಹಲ್ಲು ಕಚ್ಚಿ ತಿರುಗಿಸು. ಕಸ್ಟಮರ್ ಜೀವದ ವಿಷಯ, ಸಡಿಲ ಬಿಡಬಾರದು ಅಂತ ಎಲ್ಲರೂ ಹೇಳುತ್ತಿದ್ದರು. ನಾನೂ ಹಾಗೇ ಮಾಡಿದೆ. ಒಂದು ಸಲ ಸೀಸನ್ ನಡುವೆ ಇನ್‌ಫ್ಲೇಟರ್ ಹೋಸ್, ಅಂದರೆ ಡೈವರ್ ಜಾಕೆಟ್‌ಗೆ ಗಾಳಿ ತುಂಬುವ ಹೋಸ್ ಬದಲಿಸಬೇಕಾಯಿತು. ಅದು ಜಪ್ಪಯ್ಯ ಅಂದರೂ ಬರಲಿಲ್ಲ. ಸ್ಪ್ಯಾನರ್‌ಗೆ ಪೈಪ್ ಸಿಕ್ಕಿಸಿ ಎಳೆದೆ. ಹೋಸ್ ತುದಿಯ ಲೋಹದ ಫಿಟ್ಟಿಂಗ್‌ನ ಕುತ್ತಿಗೆ ಮುರಿಯಿತು, ಥ್ರೆಡ್ ಇರುವ ತುಂಡು ಅದು ಕೂರುವ ತೂತಿನಲ್ಲಿ, ಅಂದರೆ ಪೋರ್ಟ್ ಒಳಗೇ ಉಳಿಯಿತು. ಅದು ಟೊಳ್ಳು ಹಿತ್ತಾಳೆ ಅಲ್ವಾ, ಮುರಿದ ತುಂಡು ತೆಗೆಯುವ ಎಕ್ಸ್‌ಟ್ರಾಕ್ಟರ್ ಹೊಡೆದಷ್ಟೂ ಅಗಲವಾಗಿ ಇನ್ನೂ ಕಚ್ಚಿಕೊಂಡಿತು. ಕೊನೆಗೆ ಪೋರ್ಟ್‌ನ ಥ್ರೆಡ್ಡೇ ಹೋಯಿತು. ಹೋಸ್‌ಗೆ ಮೂರು ಸಾವಿರದ ಹತ್ತಿರ, ಸಿಲಿಂಡರ್‌ಗೆ ಕೂರುವ ಭಾಗವಾದ ಫಸ್ಟ್ ಸ್ಟೇಜ್‌ಗೆ ಹದಿನೆಂಟು ಸಾವಿರದ ಮೇಲೆ. ಇಷ್ಟೆಲ್ಲ ಹೋದದ್ದು ಐದು ರೂಪಾಯಿಯ ಓ-ರಿಂಗ್ (ಗಾಳಿ ಸೋರದಂತೆ ತಡೆಯುವ ರಬ್ಬರ್ ಉಂಗುರ) ಕೂರುವ ಜಾಗದಲ್ಲಿ.

ಆ ರಾತ್ರಿ ಕೂತು ಯೋಚಿಸಿದೆ. ಗಾಳಿ ತಡೆಯುವುದು ಓ-ರಿಂಗ್, ಥ್ರೆಡ್ ಅಲ್ಲ. ಫಿಟ್ಟಿಂಗ್ ಪೋರ್ಟ್‌ನ ಮುಖಕ್ಕೆ ಕೂತರೆ ಸೀಲ್ ಆಯಿತು. ಆಮೇಲೆ ಎಷ್ಟು ಬಲ ಹಾಕಿದರೂ ಅದು ಹಿತ್ತಾಳೆಯನ್ನು ಎಳೆಯುತ್ತದೆಯೇ ಹೊರತು ಸೀಲ್ ಹೆಚ್ಚಾಗುವುದಿಲ್ಲ. ನಮ್ಮ ಸೆಟ್‌ಗಳ ಎಲ್‌ಪಿ (ಕಡಿಮೆ ಒತ್ತಡದ) ಹೋಸ್‌ಗೆ 40 ಇಂಚ್-ಪೌಂಡ್, ಅಂದರೆ ನಾಲ್ಕೂವರೆ ನ್ಯೂಟನ್ ಮೀಟರ್ ಆಸುಪಾಸು ಸಾಕು. ನಾವು ಹಾಕುತ್ತಿದ್ದದ್ದು ಎಷ್ಟು? ಬಿಗಿ ಅಳೆಯುವ ಟಾರ್ಕ್ ವ್ರೆಂಚ್ ಇರಲಿಲ್ಲ. ಮೀನು ತೂಗುವ ಸ್ಪ್ರಿಂಗ್ ತಕ್ಕಡಿ ತಂದೆ. ಸ್ಪ್ಯಾನರ್‌ನಲ್ಲಿ ನಟ್‌ನ ನಡುವಿನಿಂದ 10 ಸೆಂಟಿಮೀಟರ್ ದೂರಕ್ಕೆ ಕೊಕ್ಕೆ ಹಾಕಿ ನೇರ ಅಡ್ಡಕ್ಕೆ ಎಳೆದೆ. ಅಲ್ಲಿ ನಾಲ್ಕೂವರೆ ಕಿಲೋ ತೋರಿಸಿದರೆ ನಮ್ಮ ಲೆಕ್ಕ ಸರಿ. ನಮ್ಮ ಹುಡುಗ ಎಂದಿನಂತೆ ಬಿಗಿ ಮಾಡಿದಾಗ ಮುಳ್ಳು ಹದಿನೈದು ದಾಟಿತ್ತು.

ಬಾಯಲ್ಲಿ ಹೇಳಿ ಪ್ರಯೋಜನ ಇಲ್ಲ. ಉದ್ದದ ಸ್ಪ್ಯಾನರ್ ಕೈಗೆ ಬಂದರೆ ಯಾರಾದರೂ ಜಾಸ್ತಿ ಎಳೆಯುತ್ತಾರೆ. ಹಾಗಾಗಿ ಭಟ್ಕಳದ ಒಂದು ಲೇತ್ ಅಂಗಡಿಗೆ ಹೋಗಿ 9/16 ಮತ್ತು 5/8 ಇಂಚಿನ ಸ್ಪ್ಯಾನರ್‌ಗಳನ್ನು ಕತ್ತರಿಸಿಸಿದೆ. ಹಿಡಿಕೆ ಏಳು ಸೆಂಟಿಮೀಟರ್ ಮಾತ್ರ ಉಳಿಯಿತು. ಕೂಲಿ ಇನ್ನೂರು ಇರಬೇಕು. ಎರಡು ಬೆರಳಲ್ಲಷ್ಟೇ ಹಿಡಿಯಲು ಬರುತ್ತದೆ. ಮೊದಲು ಕೈಯಲ್ಲೇ ಕೊನೆ ತನಕ ತಿರುಗಿಸುವುದು, ಆಮೇಲೆ ಗಿಡ್ಡ ಸ್ಪ್ಯಾನರ್‌ನಲ್ಲಿ ಒಂದು ಒತ್ತು. ಅಷ್ಟೇ. ದವಡೆಯನ್ನು ಸ್ವಲ್ಪ ತೆಳ್ಳಗೆ ಮಾಡಿಸಿದ್ದೇನೆ, ಒತ್ತೊತ್ತಾದ ಪೋರ್ಟ್‌ಗಳ ನಡುವೆ ಹೋಗಲಿ ಅಂತ. ಎಷ್ಟು ತೆಳ್ಳಗೆ ಅನ್ನುವುದು ನನ್ನ ಹತ್ತಿರವೇ ಇರಲಿ.

ದೋಣಿಯವರಿಗೆ ಇದು ಹಿಡಿಸಲಿಲ್ಲ. "ಇಷ್ಟು ಸಡಿಲ ಬಿಟ್ರೆ ನೀರಲ್ಲಿ ಬಿಚ್ಚಿಕೊಳ್ಳಲ್ವಾ ಮಾರಾಯಾ?" ಅಂದರು. ಮಾಲೀಕರು ಇನ್ನೂ ಗಟ್ಟಿಯಾಗಿ, "ಬಿಚ್ಚಿಕೊಂಡರೆ ಹೊಣೆ ಯಾರು?" ಅಂತ ಕೇಳಿದರು. ನ್ಯಾಯವಾದ ಪ್ರಶ್ನೆ. ಅದಕ್ಕೆ ಮೊದಲ ತಿಂಗಳು ಎರಡೇ ಸೆಟ್ ಹೀಗೆ ಕಟ್ಟಿ, ನಾನೇ ಹಾಕಿಕೊಂಡು ಇಳಿದೆ. ಫಿಟ್ಟಿಂಗ್‌ನಿಂದ ಫಸ್ಟ್ ಸ್ಟೇಜ್ ಮೇಲೆ ಬರುವ ಹಾಗೆ ಉಗುರುಬಣ್ಣದಲ್ಲಿ ಒಂದು ಗೆರೆ ಎಳೆದಿದ್ದೆ. ತಿರುಗಿದರೆ ಗೆರೆ ತುಂಡಾಗಬೇಕು. ಮೂವತ್ತೈದೋ ನಲವತ್ತೋ ಡೈವ್ ಆದವು, ಗೆರೆ ಕೂದಲಷ್ಟೂ ಸರಿಯಲಿಲ್ಲ. ಗಾಳಿಯ ಒತ್ತಡ ಏರಿದಾಗ ಥ್ರೆಡ್ ಇನ್ನೂ ಬಿಗಿಯಾಗಿ ಕೂರುತ್ತದೆ, ಕೈಯಲ್ಲಿ ತಿರುಗಿಸಲು ಕಷ್ಟ. ಹಾಗಂತ ಒತ್ತಡ ಇರುವಾಗ ಸ್ಪ್ಯಾನರ್ ಮುಟ್ಟಲೇಬೇಡಿ. ವಾಲ್ವ್ ಮುಚ್ಚಿ, ಪರ್ಜ್ ಬಟನ್ ಒತ್ತಿ ಒಳಗಿನ ಗಾಳಿ ಖಾಲಿ ಮಾಡಿಯೇ ಕೈ ಹಾಕಬೇಕು.

ಉಗುರುಬಣ್ಣ ಉಪ್ಪುನೀರಿಗೆ ಬೇಗ ಏಳುತ್ತದೆ. ಮೂರ್ನಾಲ್ಕು ಬಣ್ಣ ನೋಡಿದ ಮೇಲೆ ಸೀಸನ್ ಪೂರ್ತಿ ನಿಲ್ಲುವ ಒಂದು ಸಿಕ್ಕಿದೆ. ಅದು ಯಾವುದು ಅಂತ ಇಲ್ಲಿಗೆ ಬಂದವರಿಗೆ ತೋರಿಸುತ್ತೇನೆ.

ಇನ್ನೊಂದು ಸಂಗತಿ ತಡವಾಗಿ ಗೊತ್ತಾಯಿತು. ಹಿಂದೆ ಹಲ್ಲು ಕಚ್ಚಿ ಬಿಗಿ ಮಾಡಿದ್ದರಲ್ಲೂ ಕೆಲವು ಸಡಿಲವಾಗುತ್ತಿದ್ದವು. ಕಾರಣ ಹೋಸ್‌ನ ತಿರುಚು. ಬಿಗಿ ಮಾಡುವಾಗ ರಬ್ಬರ್ ತಿರುಚಿಕೊಂಡಿದ್ದರೆ, ಅದು ದಿನವಿಡೀ ಬಿಚ್ಚುವ ಕಡೆಗೆ ಎಳೆಯುತ್ತಲೇ ಇರುತ್ತದೆ. ಈಗ ಫಸ್ಟ್ ಸ್ಟೇಜನ್ನು ಸಿಲಿಂಡರ್‌ಗೆ ಕೂರಿಸಿ, ವಾಲ್ವ್ ಮುಚ್ಚಿಯೇ ಇಟ್ಟು, ಹೋಸ್‌ಗಳನ್ನು ಸುಮ್ನೆ ಇಳಿಬಿಡುತ್ತೇನೆ. ಅವು ತಮ್ಮ ದಾರಿಗೆ ಬಂದ ಮೇಲೆ ಕೊನೆಯ ಒತ್ತು. ಸಂದಿಯಲ್ಲಿರುವ ಪೋರ್ಟ್ ಮೊದಲು, ಹೊರಗಿನದು ಆಮೇಲೆ.

ಸೆಕೆಂಡ್ ಸ್ಟೇಜ್ (ಬಾಯಿಗೆ ಇಟ್ಟುಕೊಳ್ಳುವ ಭಾಗ) ಕಡೆ ಎರಡು ಸ್ಪ್ಯಾನರ್ ಬೇಕೇ ಬೇಕು. ಒಂದು ಇನ್‌ಲೆಟ್ ಹಿಡಿಯಲು, ಇನ್ನೊಂದು ನಟ್ ತಿರುಗಿಸಲು. ಪ್ಲಾಸ್ಟಿಕ್ ಡಬ್ಬಿ ಹಿಡಿದು ತಿರುಗಿಸಿದ ಒಂದು ದಿನ ಒಳಗಿನ ಬ್ಯಾರಲ್ಲೇ ತಿರುಗಿತು, ಲಿವರ್ ಓರೆಯಾಯಿತು, ದೋಣಿಯಲ್ಲಿ ಫ್ರೀ ಫ್ಲೋ, ಅಂದರೆ ಗಾಳಿ ತಾನಾಗಿಯೇ ಸುರಿಯುವುದು, ನಿಲ್ಲಲೇ ಇಲ್ಲ. ಆ ಡೈವ್‌ನ ದುಡ್ಡು ವಾಪಸ್ ಕೊಟ್ಟೆವು.

ಸೋರಿಕೆ ನಿಲ್ಲಿಸಲು ಮಾಡಿದ ಅಡ್ಡದಾರಿಗಳೂ ಇವೆ. ನಮ್ಮ ಹುಡುಗನಿಗೆ ಪ್ಲಂಬಿಂಗ್ ಗೊತ್ತು, ಥ್ರೆಡ್‌ಗೆ ಟೆಫ್ಲಾನ್ ಟೇಪ್ ಸುತ್ತಿದ. ಟೇಪ್‌ನ ಎಳೆ ಒಳಗೆ ಹೋಗಿ ಸೆಕೆಂಡ್ ಸ್ಟೇಜ್ ಸೀಟ್ ಮೇಲೆ ಕೂತಿತು. ಈಗ ಟೇಪ್ ನಮ್ಮ ಕೋಣೆಗೇ ಬರುವುದಿಲ್ಲ. ಗ್ಯಾರೇಜ್‌ನ ಓ-ರಿಂಗ್ ಡಬ್ಬಿ ನಾನೇ ತಂದಿದ್ದೆ, ನೂರೈವತ್ತೋ ಇನ್ನೂರೋ ಕೊಟ್ಟು. ನೋಡಲು ಒಂದೇ ತರ, ಆದರೆ ಅದರ ದಪ್ಪ 1.9 ಮಿಲಿಮೀಟರ್, ನಮಗೆ ಬೇಕಾದದ್ದು 1.78. ಸೈಜ್ ನಂಬರ್ ಹೇಳುವುದಾದರೆ ಎಲ್‌ಪಿಗೆ 011, ಎಚ್‌ಪಿಗೆ (ಗೇಜ್‌ಗೆ ಹೋಗುವ ಹೆಚ್ಚು ಒತ್ತಡದ ಹೋಸ್‌ಗೆ) 012, ಸೆಕೆಂಡ್ ಸ್ಟೇಜ್ ತುದಿಗೆ 010. ಈಗ ಮೂರನ್ನೂ ಬೇರೆಬೇರೆ ಬಾಟಲಿಯಲ್ಲಿ ಇಟ್ಟಿದ್ದೇನೆ. ಹಳೆ ರಿಂಗ್ ಪೋರ್ಟ್‌ನಲ್ಲೇ ಅಂಟಿಕೊಂಡು, ಅದರ ಮೇಲೆ ಹೊಸದು ಹಾಕಿದ ಎರಡು ಪ್ರಕರಣಗಳೂ ಆಗಿವೆ. ಈಗ ಹೋಸ್ ಹಾಕುವ ಮೊದಲು ಟಾರ್ಚ್ ಬಿಟ್ಟು ಒಳಗೆ ನೋಡುತ್ತೇನೆ.

ಸಿಲಿಂಡರ್ ಒತ್ತಡ ತೋರಿಸುವ ಗೇಜ್ ಹತ್ತಿರ ಗುಳ್ಳೆ ಬಂದರೆ ಅಲ್ಲಿ ಬಿಗಿ ಮಾಡಿ ಪ್ರಯೋಜನವಿಲ್ಲ. ಒಳಗೆ ಸಣ್ಣ ಸ್ಪೂಲ್‌ನಲ್ಲಿ ಎರಡು ಪುಟ್ಟ ಓ-ರಿಂಗ್ ಇರುತ್ತವೆ, ಅವನ್ನು ಬದಲಿಸಬೇಕು. ಇದು ತಿಳಿಯದೆ ಒಂದು ಗೇಜ್‌ನ ನಟ್ ಹಾಳು ಮಾಡಿದ್ದೆ.

ಮೊದಲು ಸೀಸನ್‌ಗೆ ಎಂಟು ಹತ್ತು ಹೋಸ್ ಹೋಗುತ್ತಿದ್ದವು. ಕಳೆದ ಸೀಸನ್‌ನಲ್ಲಿ ಎರಡು, ಅದೂ ರಬ್ಬರ್ ಬಿರುಕು ಬಿಟ್ಟು. ಫಿಟ್ಟಿಂಗ್ ಒಂದೂ ಮುರಿದಿಲ್ಲ. ಮಾಲೀಕರು ಈಗ ಉದ್ದದ ಸ್ಪ್ಯಾನರ್‌ಗಳನ್ನು ಕಂಪ್ರೆಸರ್ ಕೋಣೆಗೆ ಕಳಿಸಿದ್ದಾರೆ. ಬಿಚ್ಚಿಕೊಳ್ಳಲ್ವಾ ಅಂತ ಕೇಳಿದ್ದ ದೋಣಿಯವರೇ ಬೆಳಿಗ್ಗೆ ಸಿಲಿಂಡರ್ ಏರಿಸುವ ಮೊದಲು ಒಂದೊಂದು ಸೆಟ್‌ನ ಗೆರೆ ನೋಡುತ್ತಾರೆ.