ಕಾಫಿ ಸೀಮೆಗೆ ಹೋದವರ ಹೆಸರು ಮತಪಟ್ಟಿಯಲ್ಲಿ ಉಳಿಸುವುದು ಹೇಗೆ?

ನ್ಯಾಮತಿ, ಚನ್ನಗಿರಿ ಕಡೆಯ ತಾಂಡಾಗಳಲ್ಲಿ ದೀಪಾವಳಿ ಮುಗಿದರೆ ಮನೆ ಮನೆಗೂ ಬೀಗ. ಕೂಲಿಯಾಳು ಕರೆದೊಯ್ಯುವ ಮೇಸ್ತ್ರಿ ಕೊಟ್ಟ ಮುಂಗಡ ತೀರಿಸಲು ಗಂಡ ಹೆಂಡತಿ ಇಬ್ಬರೂ ಚಿಕ್ಕಮಗಳೂರಿನ ತೋಟಕ್ಕೆ ಹೊರಟಿರುತ್ತಾರೆ. 2020ರಲ್ಲಿ ಗ್ರಾಮ ಪಂಚಾಯಿತಿಗೆ ಮತದಾನ ನಡೆದದ್ದು ಡಿಸೆಂಬರ್ 22 ಮತ್ತು 27ರಂದು, ಕಾಫಿ ಹಣ್ಣು ಕೊಯ್ಯುವ ಹೊತ್ತಿನಲ್ಲಿ. ತಾಂಡಾದವರಿಗೆ ಓಟಿನ ಬೆಲೆ ಗೊತ್ತಿಲ್ಲ ಎನ್ನುವವರು ಇದನ್ನು ನೋಡುವುದೇ ಇಲ್ಲ.

ಮೊದಲು ಪಟ್ಟಿ ನೋಡಿ. ಪಂಚಾಯಿತಿ ಪಟ್ಟಿ ತಯಾರಾಗುವುದು ವಿಧಾನಸಭೆಯ ಪಟ್ಟಿಯಿಂದಲೇ. ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಅವರನ್ನು ಕೇಳಿ, ಇಲ್ಲವೇ ಮತದಾರರ ಸಹಾಯವಾಣಿ 1950ಕ್ಕೆ ಫೋನ್ ಮಾಡಿ.

ಹದಿನೆಂಟು ತುಂಬಿದವರ ಹೆಸರು ಹೊಸದಾಗಿ ಸೇರಿಸಲು ನಮೂನೆ 6, ಬೇರೆ ಊರಿನ ಪಟ್ಟಿಯಲ್ಲಿರುವ ಸೊಸೆಯ ಹೆಸರು ಇಲ್ಲಿಗೆ ವರ್ಗಾಯಿಸಲು ನಮೂನೆ 8.

ಎಡವುವುದು ಇದಾದ ಮೇಲೆ. ಬೀಗ ಕಂಡ ಬಿಎಲ್‌ಒ ಪಕ್ಕದ ಮನೆಯವರನ್ನು ವಿಚಾರಿಸುತ್ತಾರೆ. "ಅವ್ರು ಇಲ್ಲಿಲ್ಲ ಸಾರ್" ಅಂದರೆ ಮುಗಿಯಿತು, 'ಸ್ಥಳಾಂತರ' ಎಂದು ಬರೆದುಕೊಳ್ಳುತ್ತಾರೆ. ಓಟು ಹಾಕಲೆಂದು ರಾತ್ರಿಯೆಲ್ಲ ಟೆಂಪೋದಲ್ಲಿ ಬಂದ ಅಜ್ಜಿಯೊಬ್ಬರು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟ ಗುರುತಿನ ಚೀಟಿ ಬಿಚ್ಚಿ ತೋರಿಸುತ್ತಲೇ ಇದ್ದರು. ಪಟ್ಟಿಯಲ್ಲಿ ಅವರ ಹೆಸರು ಇರಲಿಲ್ಲ. ಕಾಫಿಕರೆ ಹಿಡಿದ ಆ ಬೆರಳುಗಳು ನನ್ನ ಕಣ್ಣ ಮುಂದೆ ಇನ್ನೂ ಇವೆ.

ಕಾನೂನು ಅವರ ಪರವಾಗಿಯೇ ಇದೆ. 1950ರ ಪ್ರಜಾಪ್ರತಿನಿಧಿ ಕಾಯ್ದೆಯ 20ನೇ ಕಲಮಿನ ಪ್ರಕಾರ, ತಾತ್ಕಾಲಿಕವಾಗಿ ಊರು ಬಿಟ್ಟ ಮಾತ್ರಕ್ಕೆ ಯಾರೂ ಆ ಊರಿನ ನಿವಾಸಿ ಅಲ್ಲದಂತಾಗುವುದಿಲ್ಲ. ಹಾಗಾಗಿ ಹೊರಡುವ ಮುಂಚೆ ಒಂದು ಹಾಳೆಯಲ್ಲಿ ಮನೆಯವರ ಹೆಸರು, ಚೀಟಿ ನಂಬರು, ಹೋಗುವ ಜಾಗ, ವಾಪಸ್ ಬರುವ ತಿಂಗಳು, ಫೋನ್ ನಂಬರು ಬರೆಯಿರಿ. ಎರಡು ಪ್ರತಿ ಮಾಡಿ. ಒಂದನ್ನು ಬಿಎಲ್‌ಒಗೆ ಕೊಟ್ಟು, ಇನ್ನೊಂದರ ಮೇಲೆ ಸಹಿ ಹಾಕಿಸಿಕೊಳ್ಳಿ. ಬಾಯಿಮಾತು ನಂಬಬೇಡಿ. ಪಕ್ಕದ ಮನೆಯವರಿಗೂ ಹೇಳಿಕೊಡಿ: "ಕೂಲಿಗೆ ಹೋಗ್ಯಾರೆ, ಯುಗಾದಿಗೆ ಬರ್ತಾರೆ" ಅನ್ನಬೇಕು, "ಇಲ್ಲ" ಅನ್ನಬಾರದು. ಬಾಗಿಲಿಗೆ ನೋಟಿಸ್ ಅಂಟಿಸಿದ್ದರೆ ಅದರ ಫೋಟೋ ತೆಗೆದು ತೋಟಕ್ಕೆ ಕಳಿಸುವ ಹೊಣೆಯೂ ಅವರದೇ ಆಗಲಿ.

'ಮೊಬೈಲಲ್ಲೇ ಎಲ್ಲ ಮಾಡಿಕೊಡ್ತೀನಿ' ಎಂದು ದುಡ್ಡು ಕೇಳುವವರ ಹತ್ತಿರ ಹೋಗಬೇಡಿ. ಅವರದೇ ಫೋನ್ ನಂಬರು ಹಾಕುತ್ತಾರೆ, ಆಮೇಲೆ ಬರುವ ಸಂದೇಶ ನಿಮಗೆ ತಲುಪುವುದಿಲ್ಲ. ಹೆಸರನ್ನು ತೋಟದ ವಿಳಾಸಕ್ಕೆ ಬದಲಿಸಲು ಅರ್ಜಿ ಹಾಕಬೇಡಿ, ಊರಿನ ಹೆಸರು ಹೋಗುತ್ತದೆ. ಮೇಸ್ತ್ರಿ ಕೈಗೆ ಗುರುತಿನ ಚೀಟಿಯನ್ನಂತೂ ಕೊಡಲೇಬೇಡಿ.

ಇನ್ನು ಬರುವ ದಾರಿ. ಅಭ್ಯರ್ಥಿ ಕಳಿಸಿದ ಗಾಡಿ ಹತ್ತಿದರೆ ಓಟು ಯಾರಿಗೆ ಎನ್ನುವುದು ಗಾಡಿಯಲ್ಲೇ ತೀರ್ಮಾನವಾಗಿರುತ್ತದೆ. ಹಾಗೆ ಗಾಡಿ ಕಳಿಸುವುದು ಕಾನೂನಿಗೂ ವಿರುದ್ಧ. ಚಂದಾ ಎತ್ತಿ ನಿಮ್ಮದೇ ಗಾಡಿ ಮಾಡಿಕೊಳ್ಳಿ. ಮತದಾನಕ್ಕೆ ಎರಡು ದಿನ ರಜೆ ಬೇಕೆಂಬ ಮಾತನ್ನು ಮುಂಗಡ ಕೈಗೆ ಬರುವ ಮೊದಲೇ, ತಾಂಡಾದ ಹಿರಿಯರಾದ ನಾಯಕ, ಕಾರಭಾರಿಗಳ ಎದುರಿಗೆ ಮೇಸ್ತ್ರಿ ಬಾಯಲ್ಲೇ ಹೇಳಿಸಿ.